ಒಂದೇ ನಂಬರಿನ ಮನೆ

"ಅದರ ಮ್ಯಾಲಿಂದ ಕೈ ತೆಗೀರಿ."

ಫಿರದೋಸ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಬಾಗಿಲ ಬಳಿ ಕೂತಿದ್ದ ಅವಳ ಅಪ್ಪ ಮುರ್ತುಜಾಸಾಬರೂ ಬೆಚ್ಚಿದರು.

ಗೋಡೆಯ ಹತ್ತಿರ ನಿಂತಿದ್ದ ಯುವಕನ ಕೈಯಲ್ಲಿ ಖಾಲಿ ತಂತಿ. ಅದಕ್ಕೆ ಚುಚ್ಚಿಟ್ಟಿದ್ದ ಅಳತೆ ಚೀಟಿಗಳೆಲ್ಲ ಮೇಜಿನ ಮೇಲೆ ರಾಶಿಯಾಗಿದ್ದವು.

"ಕರೆಸಿದವರು ನೀವೇ ಅಲ್ಲೇನ್ರಿ? ಚೀಟಿ ಎಲ್ಲಾ ಕಂಪ್ಯೂಟರಿಗೆ ಹಾಕಿಕೊಡ್ರಿ ಅಂತ ಫೋನ್ ಮಾಡಿದ್ರಿ..."

"ಹಾಕಿಕೊಡ್ರಿ ಅಂದೇನಿ. ಜ್ವಾಳ ಒಣಗಿಸಾಕ ಹರವಿದಾಂಗ ಹರವ್ರಿ ಅಂದಿಲ್ಲ. ಅದು ದೇವಣಗಾಂವದ ತಂತಿ. ಬಾಜೂಕಿಂದು ದೇವರ ಹಿಪ್ಪರಗಿದು. ಎರಡೂ ಕೂಡಿ ಹೋದ್ರ ಯಾರ ಜಂಪರ್ ಯಾರ ಮೈಮ್ಯಾಲೆ ಹೋಗ್ತೈತಿ, ಗೊತ್ತೈತೇನು?"

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಕೂತು, ಚೀಟಿಗಳನ್ನು ಒಂದೊಂದಾಗಿ ಮತ್ತೆ ತಂತಿಗೆ ಪೋಣಿಸತೊಡಗಿದ.

'ಜಗಳ ಆಡ್ತಾನ ಅಂದ್ಕೊಂಡಿದ್ದೆ... ಇಂವ ನೋಡಿದ್ರ ಸುಮ್ಮನ ಕೂತ್ನಲ್ಲ.' ಫಿರದೋಸಳ ಸಿಟ್ಟಿಗೆ ಕಾಲೂರಲು ಜಾಗವೇ ಸಿಗಲಿಲ್ಲ.

ಅವನ ಹೆಸರು ತಬ್ರೇಜ. ಬಸವನ ಬಾಗೇವಾಡಿಯಲ್ಲಿ ಅವನದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿಗಳು, ಮುದ್ದೇಬಿಹಾಳದ ಔಷಧಿ ಅಂಗಡಿಯವರು, ಇಂಥವರ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವುದು ಅವನ ಕೆಲಸ. ಹೆಂಗಸರ ಟೇಲರ್ ಅಂಗಡಿ ಅವನಿಗೆ ಇದೇ ಮೊದಲು.

ಇನ್ನು ಸಿಂದಗಿಯ ಮುರ್ತುಜಾಸಾಬರ ಅಂಗಡಿ ಅಂದರೆ ಸುತ್ತಲಿನ ಹಳ್ಳಿಯ ಹೆಂಗಸರಿಗೆಲ್ಲ ಭರವಸೆ. ಒಮ್ಮೆ ಅಳತೆ ಕೊಟ್ಟರೆ ಮುಗಿಯಿತು, ಮತ್ತೆ ಬರಬೇಕಾಗಿರಲಿಲ್ಲ. ಬಟ್ಟೆ ಬಸ್ಸಿನಲ್ಲಿ ಬರುತ್ತಿತ್ತು, ಹೊಲಿದ ರವಿಕೆ, ನಮ್ಮ ಕಡೆಯ ಮಾತಿನ ಜಂಪರ್, ಬಸ್ಸಿನಲ್ಲೇ ಹೋಗುತ್ತಿತ್ತು. ಊರಿಗೊಂದು ತಂತಿ. ಚೀಟಿಯ ಮೇಲೆ ಮನೆತನದ ಹೆಸರು, ಅಳತೆ, ಒಂದು ಫೋನ್ ನಂಬರ್, ಮೂಲೆಗೆ ಆಕೆ ಹೊಲಿಸಿದ ಬಟ್ಟೆಯ ಚೂರು. ಆಕೆಯ ಹೆಸರು ಮಾತ್ರ ಇಲ್ಲ. ಆ ಮನೆಯ ಅತ್ತೆಯದೋ ಸೊಸೆಯದೋ ಎಂಬುದನ್ನು ಸಾಬರು ಬಟ್ಟೆಯ ಚೂರಿನಿಂದಲೇ ಗುರುತು ಹಿಡಿಯುತ್ತಿದ್ದರು.

ಈಗ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದುಹಾಕಿತ್ತು. ಎದುರಿಗೆ ಹಿಡಿದರೂ ಅಂಕಿ ಕಾಣುತ್ತಿರಲಿಲ್ಲ.

"ಮೊಬೈಲ್ ಅಂಗಡಿಯಂವ ಜಾಗಾ ಕೇಳಾಕತ್ತಾನ ಬೇಟಿ. ಬಾಡಿಗಿಗೆ ಕೊಟ್ಟುಬಿಡೂಣು," ಅಂದಿದ್ದರು.

"ಈ ಲಗ್ನದ ಸೀಜನ್ ಒಂದು ನನ್ನ ಕೈಯಾಗ ಕೊಡ್ರಿ ಅಬ್ಬಾ. ಒಂದ ಒಂದು ಮನಿಯವರು ನಮ್ಮನ್ನ ಬಿಟ್ಟು ಹೋದ್ರೂ ಬಾಡಿಗಿಗೆ ಕೊಡ್ರಿ. ನಾ ತುಟಿ ಪಿಟಕ್ ಅನ್ನಂಗಿಲ್ಲ."

ಹಟ ಅಂದರೆ ಹಟ. ಹುಟ್ಟಿದಾಗಿನಿಂದ ಮಶೀನಿನ ಸಪ್ಪಳ ಕೇಳಿ ಬೆಳೆದ ಹುಡುಗಿ, ಆ ಸಪ್ಪಳ ನಿಲ್ಲಲು ಬಿಟ್ಟಾಳೇ?

ಮಾರನೇ ದಿನ ತಬ್ರೇಜನಿಗೂ ಒಂದು ಷರತ್ತು ಬಿತ್ತು.

"ಚೀಟಿಯೊಳಗಿನ ಅಳತಿ ನೀವು ನೋಡಂಗಿಲ್ಲ."

"ನೋಡದ ಹ್ಯಾಂಗ ಏರಿಸಲ್ರಿ?"

"ಏರಿಸೂದು ನಾನು. ನೀವು ದಾರಿ ತೋರಸ್ರಿ, ಸಾಕು. ಹೆಣ್ಣಮಕ್ಕಳು ಅಬ್ಬಾನ್ನ ನಂಬಿ ಮೈ ಅಳತಿ ಕೊಟ್ಟಾರ. ಅದು ಬ್ಯಾರೆ ಗಂಡಸರ ಕಣ್ಣಿಗೆ ಬೀಳಬಾರದು."

ಅವನು ನಗಲಿಲ್ಲ, ವಾದ ಮಾಡಲಿಲ್ಲ. "ಖರೇ ಮಾತ್ರಿ. ಪಾಸ್‌ವರ್ಡ್ ನಿಮ್ಮ ಕಡೇನ ಇರ್ಲಿ. ನಾ ಒಳಗ ಹಣಿಕಿ ಹಾಕಂಗಿಲ್ಲ. ಆದ್ರ ಒಂದು... ಸೀಜನ್ ಮುಗಿಯೂತನಕ ಚೀಟಿ ರದ್ದಿಗೆ ಹಾಕಬ್ಯಾಡ್ರಿ."

ಅಂದಿನಿಂದ ಅವನು ಬಂದಾಗಲೆಲ್ಲ ಕಂಪ್ಯೂಟರಿಗೆ ಬೆನ್ನು ಹಾಕಿ, ರಸ್ತೆಯ ಕಡೆ ಮುಖ ಮಾಡಿ ಕೂರುತ್ತಿದ್ದ. ಅವಳು ಕೇಳುವಳು, ಅವನು ಬಜಾರು ನೋಡುತ್ತಲೇ ಹೇಳುವನು. ಗ್ರಾಹಕರ ಫೋನ್ ನಂಬರ್ ಒತ್ತಿದರೆ ಅಳತೆ ಎದುರಿಗೆ ಬರುವಂತೆ ಅವನು ಏರ್ಪಾಟು ಮಾಡಿದ್ದ. ಅವಳು ಚೀಟಿಯ ಫೋಟೊ ತೆಗೆದು, ನಂಬರ್ ಹಾಕಿ, ಅಳತೆ ತುಂಬುವಳು. ತಂತಿಗಳು ಒಂದೊಂದಾಗಿ ಗೋಡೆಯಿಂದಿಳಿದು ಅಟ್ಟ ಸೇರಿದವು.

"ಚಾ ಕುಡೀರಿ," ಅನ್ನುವಳು ಇವಳು.

"ತಿರುಗಲೇನ್ರಿ?" ಅಂತ ಕೇಳಿಯೇ ಅವನು ತಿರುಗುವನು.

ಮುಖ ನೋಡಿ ಮನಸ್ಸು ಕೊಟ್ಟವರ ಕಥೆ ನೀವು ಬೇಕಾದಷ್ಟು ಓದಿದ್ದೀರಿ. ನಮ್ಮ ಫಿರದೋಸ ಬೆನ್ನು ನೋಡಿ ಕೊಟ್ಟಳು. 'ಒಮ್ಮೆಯಾದ್ರೂ ಕದ್ದು ನೋಡಬೇಕಿತ್ತಲ್ಲ ಇಂವ... ಎಂಥಾ ಮನಷಾ ಇರಬೇಕು,' ಅಂದುಕೊಳ್ಳುತ್ತ ಅಳತೆ ತಪ್ಪು ಒತ್ತಿ, ಅಳಿಸಿ, ಮತ್ತೆ ಒತ್ತುವಳು.

ಸೀಜನ್ ಸುರುವಾಯಿತು. ನಂಬರ್ ಒತ್ತಿದರೆ ಅಳತೆ, ಅಳತೆ ಬಂದರೆ ಕತ್ತರಿ. ಕೆಲಸ ಸರಸರ ಸಾಗಿತು.

ಆಗ ಬಂದಳು ದೇವಣಗಾಂವದ ಗುಂಡವ್ವ. ಜೊತೆಗೆ ಮದುವೆಯ ಹುಡುಗಿ, ಮಗಳು ಸಾಕ್ಷಿ.

"ಏ ತಂಗಿ, ಇಲ್ನೋಡು. ಈ ಜಂಪರಿನಾಗ ನನ್ನ ಮಗಳು ಹೋಗಿ, ಜೋಡಿಗೆ ಆಕಿ ಗೆಳತೀನೂ ಹೋಗ್ತಾಳ."

ಸಾಕ್ಷಿಯ ಕಣ್ಣು ತುಂಬಿತ್ತು. ಮದುವೆಗೆಂದು ಹೊಲಿದ ಮೂರು ಜಂಪರುಗಳೂ ಜೋತುಬಿದ್ದಿದ್ದವು. ಅಷ್ಟರಲ್ಲಿ ಹಿಪ್ಪರಗಿಯಿಂದಲೂ ಫೋನ್ ಬಂತು: ಅಲ್ಲಿನ ಒಂದು ಮನೆಯ ಸೊಸೆಯ ಜಂಪರ್ ತೋಳಿನಲ್ಲಿ ಏರುತ್ತಿಲ್ಲವಂತೆ.

"ನಾಳಿದ್ದು ಅರಿಷಿಣ ಐತಿ," ಅಂದಳು ಗುಂಡವ್ವ. "ಅಷ್ಟರಾಗ ಸರಿ ಆಗಲಿಲ್ಲಂದ್ರ ನಮ್ಮ ಮನಿ ಬಟ್ಟಿ ಇನ್ನ ಮ್ಯಾಲೆ ಈ ಅಂಗಡಿಗೆ ಬರಂಗಿಲ್ಲ. ಸಾಬರ ಮುಖಾ ನೋಡಿ ಇಷ್ಟ ಹೇಳಾಕತ್ತೇನಿ."

ಮುರ್ತುಜಾಸಾಬರು ಕೈ ಚಾಚಿ ಜಂಪರಿನ ಹೊಲಿಗೆ ಸವರಿ ನೋಡಿದರು. ಅದು ಫಿರದೋಸಳನ್ನು ಇನ್ನಷ್ಟು ಚುಚ್ಚಿತು.

ಸೀಜನ್ ಸುರುವಾಗುವ ಮುಂಚೆ ಒಂದು ದಿನ ಅವಳು ಕಂಪ್ಯೂಟರ್ ತೆರೆದಿಟ್ಟು ನಮಾಜಿಗೆ ಒಳಗೆ ಹೋಗಿ ಬಂದಾಗ ತಬ್ರೇಜ ಕಂಪ್ಯೂಟರಿನ ಮುಂದೆ ಒಬ್ಬನೇ ಕೂತಿದ್ದ. ಏನೋ ಸುಧಾರಿಸಬೇಕು ಅಂದಿದ್ದ. ಅವಳಿಗೆ ಅದೇ ನೆನಪಾಯಿತು. ಅಷ್ಟರಲ್ಲಿ ಅವನು ಅಂಗಡಿಯೊಳಗೆ ಕಾಲಿಟ್ಟದ್ದೇ ತಡ...

"ಕೊಟ್ಟ ಮಾತು ಮುರಿದ್ರಿ ಅಲ್ಲಾ? ಒಳಗ ಕೈಯಾಡಿಸಿ ಅಳತಿ ಎಲ್ಲಾ ಕಲಸಿಬಿಟ್ಟೀರಿ."

"ನಾ ಒಳಗ ನೋಡಿಲ್ರಿ."

"ನೋಡದ ಹ್ಯಾಂಗ ಕೆಟ್ಟಾವು? ತಾವ ಕೆಟ್ಟುವೇನು? ನಂಬಿದ್ದೆ ನಿಮ್ಮನ್ನ..."

ಅವನ ಮುಖ ಕಪ್ಪಿಟ್ಟಿತು. "ನಂಬಿದ್ದೆ ಅಂತ ನೀವು ಈಗ ಹೇಳಾಕತ್ತೀರಿ, ನಂಬದ ಹೊತ್ತಿನಾಗ," ಅಂದು ಚೀಲ ಹೆಗಲಿಗೇರಿಸಿ ಹೊರಟುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಅಳುತ್ತ ಕೂರುವ ಜಾಯಮಾನ ಅವಳದಲ್ಲ. ಕಣ್ಣೊರೆಸಿಕೊಂಡು ಸಾಕ್ಷಿಯ ಅಳತೆ ಹೊಸದಾಗಿ ತೆಗೆದು ತಾಯಿ ಮಗಳನ್ನು ಕಳಿಸಿದಳು. ಆಮೇಲೆ ಅಟ್ಟ ಹತ್ತಿ ದೇವಣಗಾಂವದ ತಂತಿ ಇಳಿಸಿ ಅಪ್ಪನ ಮುಂದಿಟ್ಟಳು.

"ಅಬ್ಬಾ, ಗುಂಡವ್ವನ ಮನೀದು ಎಷ್ಟು ಚೀಟಿ ಅದಾವೋ, ಮುಟ್ಟಿ ಹೇಳ್ರಿ."

ಸಾಬರು ಬಟ್ಟೆಯ ಚೂರು ಸವರಿದರು. "ಇದು ಇಳಕಲ್ ಖಣ, ಗುಂಡವ್ವಂದು... ಈ ರೇಷ್ಮಿ ಸೊಸೀದು... ಈ ಜರಿ ಸಾಕ್ಷೀದು, ಕಾಲೇಜಿಗೆ ಸೇರಿದ ವರ್ಷ ಹೊಲಿಸಿದ್ಳು."

ಚೀಟಿಗಳು ಬೇರೆ ಬೇರೆ. ನಂಬರ್ ಒಂದೇ, ಗುಂಡವ್ವನ ಗಂಡ ಗುರಪ್ಪನದು!

ಫಿರದೋಸ ಆ ನಂಬರ್ ಒತ್ತಿದಳು. ಬಂದದ್ದು ಒಂದೇ ಅಳತೆ, ಗುಂಡವ್ವನದು. ಒಂದು ನಂಬರಿಗೆ ಒಬ್ಬರು ಅಂತ ತಿಳಿದ ಕಂಪ್ಯೂಟರ್, ಸಾಕ್ಷಿಯದನ್ನು ಅಳಿಸಿ ಸೊಸೆಯದನ್ನು ಹಾಕಿತ್ತು, ಸೊಸೆಯದನ್ನು ಅಳಿಸಿ ಅತ್ತೆಯದನ್ನು ಹಾಕಿತ್ತು. ಮನೆ ತುಂಬ ಹೆಂಗಸರು, ಕೊಡುವುದು ಮಾತ್ರ ಮನೆಯ ಗಂಡಸಿನ ನಂಬರ್. ನಮ್ಮ ಕಡೆ ಯಾವ ಹಳ್ಳಿಯಲ್ಲಿ ಹಾಗಿಲ್ಲ ಹೇಳಿ?

ಅವಳು ತಂತಿ ಕೆಳಗಿಟ್ಟಳು. 'ಒಮ್ಮೆ ಒಳಗ ನೋಡಿದ್ರ ತಬ್ರೇಜಗ ಇದು ಗೊತ್ತಾಗಿಬಿಡ್ತಿತ್ತು... ನೋಡಲೇ ಇಲ್ಲ. ನನ್ನ ಮಾತು ನಡೆಸಿದ್ದಕ್ಕ ಕೆಟ್ಟಿತು. ನಾ ಅವರಿಗೆ ಮಾತು ಮುರಿದಂವ ಅಂದೆ.'

"ಅಬ್ಬಾ, ನಾ ಬಾಗೇವಾಡಿಗೆ ಹೋಗಿ ಬರ್ತೇನಿ."

"ಮೊಬೈಲಿನವನಿಗೆ ಏನಂತ ಹೇಳಲಿ ಬೇಟಿ?"

"ಸೀಜನ್ ಮುಗಿದಿಲ್ಲ ಅಂತ ಹೇಳ್ರಿ."

ಮರುದಿನ ಮೊದಲ ಬಸ್ಸಿಗೇ ಹೊರಟಳು. ಹಿಪ್ಪರಗಿಯಲ್ಲಿ ಸಂತೆಗೆ ಹೊರಟವರು ಮೂಟೆ ಸಮೇತ ಹತ್ತಿ ಅವಳನ್ನು ಕಿಟಕಿಗೆ ಒತ್ತಿದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಅಂಗಡಿಯಲ್ಲಿ ಅವನನ್ನು ಕಂಡೊಡನೆ ಜೋಡಿಸಿದ್ದೆಲ್ಲ ಮರೆತುಹೋಯಿತು.

"ತಪ್ಪು ನಂದು," ಅಂದಳು. "ನೀವು ನೋಡಿರಲಿಲ್ಲ. ನಂಗ ಈಗ ಗೊತ್ತಾತು. ಮಾಫ್ ಮಾಡ್ರಿ."

ಒಳಗಿನಿಂದ ಅವನ ತಾಯಿ ಜೋಹರಾಬಿ ಇಣುಕಿದರು. ಬಂದವಳ ಮುಖ ನೋಡಿ, ಮಗನ ಮುಖ ನೋಡಿ, ಚಾ ಇಡಲು ಹೋದರು.

ಫಿರದೋಸ ಗುರಪ್ಪನ ನಂಬರಿನ ಕಥೆ ಹೇಳಿದಳು. ತಬ್ರೇಜ ಹಣೆ ಬಡಿದುಕೊಂಡ.

"ನಂದೂ ತಪ್ಪೈತ್ರಿ. ನಮ್ಮ ಮನ್ಯಾಗ ಅಮ್ಮಿ, ನಾನು ಇಬ್ಬರೇ, ಇಬ್ಬರಿಗೂ ಬ್ಯಾರೆ ಬ್ಯಾರೆ ಫೋನ್. ಮನಿಮಂದಿಗೆಲ್ಲಾ ಒಂದ ನಂಬರ್ ಇರ್ತೈತಿ ಅಂತ ನನ್ನ ತಲಿಗೆ ಹೊಳೀಲೇ ಇಲ್ಲ."

"ನಂಬರ್ ತೆಗೀರಿ. ಅಬ್ಬಾನ ತಂತಿಯಾಂಗ ಮಾಡ್ರಿ. ಮೊದಲು ಊರು, ಆಮ್ಯಾಲೆ ಮನಿ, ಮನಿಯೊಳಗ ಅತ್ತಿ, ಸೊಸಿ, ಮಗಳು, ಒಬ್ಬೊಬ್ಬರಿಗೂ ಒಂದೊಂದು ಸಾಲು. ಜೋಡಿಗೆ ಬಟ್ಟಿ ಚೂರಿನ ಫೋಟೊ."

ಅವನು ಅವಳನ್ನು ನೋಡಿದ. ಈ ಸಲ ಬೆನ್ನು ತಿರುಗಿಸಲಿಲ್ಲ. "ಅಷ್ಟೂ ಮತ್ತ ಏರಿಸಬೇಕಾಗ್ತೈತಿ."

"ಏರಿಸ್ತೇನಿ. ಚೀಟಿ ಅಟ್ಟದ ಮ್ಯಾಲ ಹಂಗ ಅದಾವು. ರದ್ದಿಗೆ ಹಾಕಬ್ಯಾಡ್ರಿ ಅಂತ ಯಾರೋ ಹೇಳಿದ್ರು."

ಅವನು ನಕ್ಕ. ಅದೇ ಬಸ್ಸು ತಿರುಗುವಷ್ಟರಲ್ಲಿ ಅವನೂ ಚೀಲ ಹಿಡಿದು ಹತ್ತಿದ್ದ.

ಸಾಬರು ಚೂರು ಮುಟ್ಟಿ ಹೇಳಿದರು, ಫಿರದೋಸ ಏರಿಸಿದಳು, ತಬ್ರೇಜ ರಸ್ತೆ ನೋಡುತ್ತ ಕೂತ. ಮಧ್ಯೆ ಮಧ್ಯೆ ಅವಳು ಎದ್ದು ಸಾಕ್ಷಿಯ ಜಂಪರುಗಳನ್ನು ಬಿಚ್ಚಿ ಮತ್ತೆ ಹೊಲಿದಳು. ಹಿಪ್ಪರಗಿಯ ಸೊಸೆಗೆ ಅಂಗಡಿಯ ಖರ್ಚಿನಲ್ಲೇ ಹೊಸದು ಹೊಲಿದು ಕಳಿಸಿದಳು. ಅರಿಷಿಣದ ಮುಂಜಾನೆ ಸಾಕ್ಷಿಯ ಜಂಪರುಗಳನ್ನು ಹಿಡಿದು ತಾನೇ ದೇವಣಗಾಂವಕ್ಕೆ ಹೋದಳು. ಗುಂಡವ್ವ ಮಗಳನ್ನು ಸುತ್ತ ತಿರುಗಿಸಿ ನೋಡಿದಳು.

"ಈಗ ಸಾಬರ ಕೈ ಕಾಣ್ತದ ನೋಡು," ಅಂದಳು.

"ಸಾಬರ ಕೈ ಅಲ್ಲವ್ವ, ಇಕೀದು," ಅಂದಳು ಸಾಕ್ಷಿ.

ಸೀಜನ್ ಮುಗಿಯಿತು. ಒಂದು ಮನೆಯೂ ಬಿಟ್ಟುಹೋಗಲಿಲ್ಲ. ಸಾಬರು ತಮ್ಮ ದೊಡ್ಡ ಕತ್ತರಿಯನ್ನು ಮಗಳ ಕೈಗಿಟ್ಟು, "ಇನ್ನ ನೀನ ಮಾಲಕಿ," ಅಂದರು. ಅವಳು ಅಪ್ಪನ ಕೈ ಹಿಡಿದು ಮನಸಾರೆ ಅತ್ತಳು, ತಡೆದಿಟ್ಟಿದ್ದೆಲ್ಲ ಅಂದೇ ಬಂತು.

ಮರುವಾರ ತಬ್ರೇಜ ತಾಯಿಯನ್ನು ಕರೆದುಕೊಂಡು ಬಂದ. ಜೋಹರಾಬಿ ಜಂಪರ್ ಹೊಲಿಸಬೇಕೆಂದರು. ಫಿರದೋಸ ಅಳತೆ ತೆಗೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಆಗಲೇ ಸಾಬರೂ ಜೋಹರಾಬಿಯೂ ಹೊರಗಿನ ಬೆಂಚಿನಲ್ಲಿ ಏನೋ ಗುಸುಗುಸು ಸುರುಮಾಡಿದ್ದರು.

"ಊರು ಬಸವನ ಬಾಗೇವಾಡಿ. ಮನ್ಯಾಗ ಮೊದಲನೇ ಸಾಲು, ಅತ್ತಿ, ಜೋಹರಾಬಿ," ಅಂದ ತಬ್ರೇಜ, ಎಂದಿನಂತೆ ರಸ್ತೆಯ ಕಡೆ ಮುಖ ಮಾಡಿ.

ಅವಳ ಬೆರಳು ನಿಂತಿತು. "ಅತ್ತಿ ಯಾಕ? ಸೊಸಿ ಎಲ್ಲದಾಳ ನಿಮ್ಮ ಮನ್ಯಾಗ?"

"ಎರಡನೇ ಸಾಲು ಆಕೀದು. ಈಗ ಖಾಲಿ ಐತಿ."

"ಅಳತಿ?"

"ಗೊತ್ತಿಲ್ರಿ. ನೋಡಂಗಿಲ್ಲ ಅಂತ ಮಾತು ಕೊಟ್ಟೇನಿ."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು. "ಹೆಸರಾದ್ರೂ ಗೊತ್ತೈತೋ ಇಲ್ಲೋ?"

"ಕತ್ತರಿ ಕುಕ್ಕಿದ ದಿನದಿಂದ ಗೊತ್ತೈತಿ. ಹಾಕಾಕ ನಿಮ್ಮ ಒಪ್ಪಿಗಿ ಬೇಕು."

"ನಾ ಈ ಅಂಗಡಿ ಬಿಡಂಗಿಲ್ಲ."

"ಬಿಡು ಅಂದವರ್ಯಾರು? ಇದರ ಬಾಜೂಕ ಒಂದು ಕಂಪ್ಯೂಟರ್ ಅಂಗಡಿ ಹಾಕ್ತೇನಿ. ಅಮ್ಮಿ ಸಿಂದಗಿಗೆ ಬರಾಕ ತಯಾರ ಅದಾಳ. ನೀವಂದ್ರ ನಂಗ ಜೀವಾ, ಫಿರದೋಸ."

ಕೀಲಿಗಳ ಮೇಲೆ ಬೆರಳಾಡಿದ ಸಪ್ಪಳವಾಯಿತು. ಎರಡನೇ ಸಾಲು ತುಂಬಿತ್ತು.

"ಇನ್ನ ತಿರುಗ್ರಿ," ಅಂದಳು ಮೆಲ್ಲಗೆ.

ಅವನು ತಿರುಗಿದ. ಅವಳ ಕೆನ್ನೆ ಒದ್ದೆಯಾಗಿತ್ತು, ತುಟಿಯಲ್ಲಿ ಮಾತ್ರ ಹಳೇ ಜಗಳಗಂಟಿಯ ನಗು.

"ಫೋನ್ ನಂಬರ್ ಯಾರದು ಹಾಕಲಿ?" ಕೇಳಿದ.

"ನಂದು ನಾ ಹಾಕ್ತೇನಿ, ನಿಮ್ದು ನೀವು ಹಾಕ್ರಿ. ಒಂದ ನಂಬರಿನ್ಯಾಗ ಇಬ್ಬರನ್ನ ತುಂಬಿದ್ರ ಒಬ್ಬರು ಅಳಿಸಿ ಹೋಗ್ತಾರ. ಇಬ್ಬರೂ ಇರೂಣು."