ನಲ್ಲಿ ರಿಪೇರಿ ಮಾಡಿ ಹೋದವನು

2024ರ ಅಕ್ಟೋಬರ್ 21, ಸೋಮವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ದಕ್ಷಿಣ ದೆಹಲಿಯ ಠಾಣೆಯೊಂದಕ್ಕೆ ಮೂವತ್ತಾರರ ಹೆಂಗಸೊಬ್ಬಳು ದೂರು ಕೊಡಲು ಬಂದಳು. ಹಾಗೆ ಬಂದದ್ದು ಅದು ಮೂರನೆಯ ಸಲ. ಹೆಸರು ಚಿನ್ಮಯಿ. ಕೇಂದ್ರ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್, ಒಂಟಿ ವಾಸ. ತಾನು ಆಫೀಸಿಗೆ ಹೋದ ಮೇಲೆ ಮನೆಯೊಳಗೆ ಯಾರೋ ಬಂದು ಹೋಗುತ್ತಾರೆ ಎಂಬುದು ಅವಳ ದೂರು.

ಏನು ಕಳುವಾಗಿದೆ ಎಂದು ಹೆಡ್ ಕಾನ್‌ಸ್ಟೇಬಲ್ ಕಿಶನ್ ಹಿಂದಿಯಲ್ಲಿ ಕೇಳಿದ. ಏನೂ ಇಲ್ಲ ಎಂದಳು. ಮತ್ತೇನು ತೊಂದರೆ ಎಂದ. ಬಚ್ಚಲಿನ ನಲ್ಲಿ ಮೂರು ತಿಂಗಳಿಂದ ಸೋರುತ್ತಿತ್ತು, ಶುಕ್ರವಾರ ಸಂಜೆ ಬಂದು ನೋಡಿದರೆ ಸೋರುವುದು ನಿಂತಿದೆ ಎಂದಳು. ಕಿಶನ್ ಪೆನ್ನು ಕೆಳಗಿಟ್ಟ. ಪಕ್ಕದ ಮೇಜಿನಲ್ಲಿ ಯಾರೋ ನಕ್ಕರು. ಚಿನ್ಮಯಿ ತಲೆ ತಗ್ಗಿಸಿ, "ಇವರಿಗೆ ಹೇಗಪ್ಪಾ ಅರ್ಥ ಮಾಡಿಸೋದು" ಎಂದು ತನ್ನಷ್ಟಕ್ಕೆ ಗೊಣಗಿದಳು.

ಗೊಣಗಿದ್ದು ಕನ್ನಡದಲ್ಲಿ. ತನ್ನ ಕೋಣೆಗೆ ಹೊರಟಿದ್ದ ಇನ್‌ಸ್ಪೆಕ್ಟರ್ ಮಹಂತೇಶ್ ಅಲ್ಲೇ ನಿಂತ. ಅವನ ಅಪ್ಪ ಸರ್ಕಾರಿ ಗುಮಾಸ್ತ. ಮಹಂತೇಶ್ ಹುಟ್ಟಿ ಬೆಳೆದದ್ದು ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ. ಆ ಮನೆಗಳನ್ನು ಕೆಡವಿ ಈಗ ಗೋಪುರಗಳನ್ನು ಎಬ್ಬಿಸುತ್ತಿದ್ದಾರೆ. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದ ಅಮ್ಮ ತೀರಿಕೊಂಡು ನಾಲ್ಕು ವರ್ಷ. ಮಗಳು ಮಾನ್ಯಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಠಾಣೆಯೊಳಗೆ ಈ ಭಾಷೆ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಒಳಗೆ ಬನ್ನಿ. ಮೊದಲಿಂದ ಹೇಳಿ," ಎಂದ.

ಅವಳು ಹೇಳಿದಳು. ಮನೆ ಅವಳ ದೊಡ್ಡಮ್ಮ ಸೀತಮ್ಮನದು, ನೆಲಮಹಡಿಯ ಫ್ಲಾಟು. ಫೆಬ್ರವರಿಯಲ್ಲಿ ದೊಡ್ಡಮ್ಮ ತೀರಿಕೊಂಡರು, ಏಪ್ರಿಲ್‌ನಲ್ಲಿ ಚಿನ್ಮಯಿ ಅಲ್ಲಿಗೆ ಬಂದಳು. ಆಗಸ್ಟ್ ನಡುವಿನಿಂದ ಸಣ್ಣಪುಟ್ಟ ಬದಲಾವಣೆಗಳು ಶುರುವಾದವು. ಹತ್ತು ನಿಮಿಷ ಹಿಂದೆ ಓಡುತ್ತಿದ್ದ ಗೋಡೆ ಗಡಿಯಾರ ಒಂದು ಸಂಜೆ ಸರಿಯಾದ ಸಮಯ ತೋರಿಸಿತು. ಚಹಾಪುಡಿ ಬೇಗ ಮುಗಿಯತೊಡಗಿತು. ಒಂದು ಚಹಾ ಕಪ್ ಸಿಂಕಿನ ಪಕ್ಕ ತೊಳೆದು ಮಗುಚಿಟ್ಟಿರುತ್ತಿತ್ತು, ಇನ್ನೂ ಒದ್ದೆ. ಕೆಲಸದ ಫೂಲ್ವತಿಯ ಬಳಿ ಕೀಲಿಯಿತ್ತು. ಅವಳೇ ಇರಬೇಕೆಂದು ಅಕ್ಟೋಬರ್ 5ರಂದು ಕೀಲಿ ವಾಪಸ್ ತೆಗೆದುಕೊಂಡು ಅವಳನ್ನು ಕೆಲಸದಿಂದ ಬಿಡಿಸಿದಳು. ಅದಾದ ಮೇಲೂ ನಲ್ಲಿ ರಿಪೇರಿಯಾಗಿದೆ. ಮನೆಗೆ ಅಲಾರಂ ಇದೆ. ಮೊಬೈಲಿನ ಆ್ಯಪ್ ಮಾತ್ರ ದಿನವಿಡೀ 'ಸುರಕ್ಷಿತ' ಎಂದೇ ತೋರಿಸುತ್ತದೆ.

"ಕಳ್ಳ ಬಂದಿದ್ದರೆ ಇಷ್ಟು ಹೆದರುತ್ತಿರಲಿಲ್ಲ ಸರ್. ಕಳ್ಳನಿಗೆ ಏನು ಬೇಕು ಅಂತ ಗೊತ್ತಿರುತ್ತೆ. ಇವನಿಗೆ ಏನು ಬೇಕು?"

ಹತ್ತೂವರೆಗೆ ಗೃಹ ಅತಿಕ್ರಮಣದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಕಿಶನ್ ಅದನ್ನು ಬರೆಯುವಾಗ ನಗಲಿಲ್ಲ.

ಮಧ್ಯಾಹ್ನ ಹನ್ನೆರಡೂಕಾಲಿಗೆ ಮಹಂತೇಶ್, ಕಿಶನ್ ಮತ್ತು ಬೆರಳಚ್ಚು ತಜ್ಞ ಆ ಫ್ಲಾಟಿಗೆ ಹೋದರು. ನೆರೆಮನೆಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಬರೆದರು. ಬೀಗಕ್ಕೆ ಗೀರಿಲ್ಲ, ಕಿಟಕಿಯ ಸರಳು ಭದ್ರ. ನಲ್ಲಿ ಬಿಚ್ಚಿ ನೋಡಿದರೆ ಒಳಗೆ ಹೊಸ ವಾಷರ್ ಇತ್ತು. ಗಡಿಯಾರದ ಹಿಂಬದಿಯಲ್ಲಿ ಒಂದು ಹೆಬ್ಬೆರಳ ಗುರುತು ಸ್ಪಷ್ಟವಾಗಿ ಸಿಕ್ಕಿತು, ಚಿನ್ಮಯಿಯದಲ್ಲ.

ಉಗ್ರಾಣದ ಕೋಣೆ ಕತ್ತಲು. ದೀಪದ ಸ್ವಿಚ್ಚಿಗಾಗಿ ಕಿಶನ್ ಗೋಡೆಯನ್ನೆಲ್ಲ ತಡಕಾಡಿದ. ಅದು ಬಾಗಿಲಿನ ಹಿಂದೆ, ಮೊಣಕಾಲೆತ್ತರದಲ್ಲಿ ಇತ್ತು. ಗೋಡೆಯ ಮೇಲೆ ಹಳೆಯ ತಗಡಿನ ಪೆಟ್ಟಿಗೆ, ಅದರ ಪಕ್ಕದಲ್ಲಿ ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಡಬ್ಬಿ. ಬಿಳಿಯದು ಹೊಸ ಆ್ಯಪಿನದು. ಮನೆಯ ಬಾಗಿಲು, ಕಿಟಕಿಗಳ ತಂತಿಗಳೆಲ್ಲ ಇನ್ನೂ ತಗಡಿನ ಪೆಟ್ಟಿಗೆಗೇ ಬಂದು ಸೇರುತ್ತಿದ್ದವು.

ಕಾಲೊನಿಯ ಗೇಟಿನ ಕ್ಯಾಮೆರಾದಲ್ಲಿ ಶುಕ್ರವಾರ ಚೀಲ ಹಿಡಿದು ಒಳಗೆ ಬಂದವರು ನಲವತ್ತೊಂದು ಮಂದಿ. ಸಾಮಾನು ತಲುಪಿಸುವವರು, ಎಸಿ ಮೆಕ್ಯಾನಿಕ್‌ಗಳು, ದೀಪಾವಳಿಗೆ ಬಣ್ಣ ಬಳಿಯುವವರು. ಟೂಲ್ ಬ್ಯಾಗ್ ಇದ್ದವರನ್ನು ಗಾರ್ಡ್ ತಡೆಯುವುದಿಲ್ಲ. ಅವರು ಯಾರದೋ ಕೆಲಸಕ್ಕೆ ಬಂದಿರುತ್ತಾರಲ್ಲ, ಸಾಹೇಬ್ ಎಂದ.

ಸಂಜೆ ಐದಕ್ಕೆ ಕೋಟ್ಲಾದ ಓಣಿಯಲ್ಲಿ ಫೂಲ್ವತಿಯ ಕೋಣೆ ಹುಡುಕಿದರು. ಪೊಲೀಸರನ್ನು ಕಂಡು ಅವಳು ಎದ್ದೇಳಲಿಲ್ಲ. ಆ ಮನೆಯಲ್ಲಿ ಒಂದು ಚಮಚ ಸಕ್ಕರೆಯನ್ನೂ ಮುಟ್ಟಿದವಳಲ್ಲ ತಾನು ಎಂದಳು. ಕಾಲೊನಿಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸುದ್ದಿ ಹಬ್ಬಿ ಇನ್ನೆರಡು ಮನೆಯವರೂ ಅವಳನ್ನು ಕೆಲಸದಿಂದ ಬಿಡಿಸಿದ್ದರು. ಈಗ ಗೇಟಿನಲ್ಲಿ ಅದೇ ಗಾರ್ಡ್ ಅವಳನ್ನು ತಡೆಯುತ್ತಾನೆ.

"ಸಾಹೇಬ್, ಆ ಮನುಷ್ಯ ಸಿಕ್ಕರೆ ನನಗೊಂದು ಮಾತು ತಿಳಿಸಿ. ಅಷ್ಟು ಸಾಕು," ಎಂದಳು.

ಮಾರನೆಯ ದಿನ, 22ರಂದು, ಬೆಳಿಗ್ಗೆ ಹನ್ನೊಂದಕ್ಕೆ ಮಹಂತೇಶ್ ಮತ್ತು ಕಿಶನ್ ಗುರುಗ್ರಾಮಕ್ಕೆ ಹೋದರು. ಅಲಾರಂ ಕಂಪನಿಯ ಕಚೇರಿ ಗಾಜಿನ ಕಟ್ಟಡವೊಂದರ ಒಂಬತ್ತನೆಯ ಮಹಡಿಯಲ್ಲಿತ್ತು. ಒಂದೇ ಹಾಲಿನಲ್ಲಿ ಕೂತ ಇಪ್ಪತ್ತು ಮಂದಿ ಹನ್ನೊಂದು ಸಾವಿರ ಮನೆಗಳನ್ನು ಪರದೆಯ ಮೇಲೆ ಕಾಯುತ್ತಿದ್ದರು. ಮ್ಯಾನೇಜರ್ ಪವನ್ ಚಿನ್ಮಯಿಯ ಮನೆಯ ದಾಖಲೆ ತೆಗೆದು ತೋರಿಸಿದ. ಎಲ್ಲವೂ ಹಸಿರು. ರಿಪೇರಿಗೆ ಯಾರು ಹೋಗುತ್ತಾರೆ ಎಂದು ಮಹಂತೇಶ್ ಕೇಳಿದ. ಯಾರೂ ಹೋಗುವುದಿಲ್ಲ, ಇಲ್ಲಿಂದಲೇ ಸರಿಪಡಿಸುತ್ತೇವೆ, ಆಗದಿದ್ದರೆ ಹೊಸ ಡಬ್ಬಿ ಕಳಿಸುತ್ತೇವೆ ಎಂದ ಪವನ್.

"ಹಳೆಯ ಪೆಟ್ಟಿಗೆಗೆ ಸ್ವಂತ ನೆನಪು ಇರುತ್ತದೆಯೇ?"

ಇರುತ್ತದೆ, ಕೊನೆಯ ಇನ್ನೂರೈವತ್ತು ಘಟನೆಗಳನ್ನು ಅದು ಇಟ್ಟುಕೊಳ್ಳುತ್ತದೆ. ಅದನ್ನು ಓದಲು ಕೀಪ್ಯಾಡಿನಲ್ಲಿ ಏನೇನು ಒತ್ತಬೇಕೋ ಈ ಕಚೇರಿಯಲ್ಲಿ ಯಾರಿಗೂ ತಿಳಿಯದು. ತಿಳಿದಿದ್ದ ಆರು ಎಂಜಿನಿಯರ್‌ಗಳನ್ನು ಮಾರ್ಚ್‌ನಲ್ಲಿ ಕೆಲಸದಿಂದ ಬಿಟ್ಟಿದ್ದರು. ಆರರಲ್ಲಿ ಒಳ್ಳೆಯವನು ಯಾರು ಎಂದಾಗ ಪವನ್ ಯೋಚಿಸಲೇ ಇಲ್ಲ. ಚಂದ್ರಕಾಂತ್‌ಜೀ, ನಿಮ್ಮ ಕಡೆಯವರೇ, ಆ ಪೆಟ್ಟಿಗೆಗಳನ್ನು ಕಣ್ಣು ಮುಚ್ಚಿ ಬಿಚ್ಚುತ್ತಿದ್ದರು, ಈ ಮನೆಗೂ ಇಪ್ಪತ್ತೊಂದು ವರ್ಷ ಅವರೇ ಹೋಗುತ್ತಿದ್ದದ್ದು ಎಂದ. ಕಾರಿನಲ್ಲಿ ಕೂತು ಮಹಂತೇಶ್ ಪವನ್ ಕೊಟ್ಟ ಸಂಖ್ಯೆಗೆ ಫೋನ್ ಮಾಡಿ ವಿಳಾಸ ಹೇಳಿದ.  ನಾಳೆ ಹನ್ನೊಂದಕ್ಕೆ ಬರುತ್ತೇನೆ ಎಂಬ ಉತ್ತರ ಬಂತು.

23, ಬುಧವಾರ. ಹತ್ತು ಐವತ್ತೈದಕ್ಕೆ ಚಂದ್ರಕಾಂತ ಬಂದ. ಐವತ್ತೇಳು ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನ ಮೇಲೆ ಕಂಪನಿಯ ಹೆಸರು ಬಿಚ್ಚಿ ತೆಗೆದ ಹೊಲಿಗೆಯ ಗುರುತು, ಹೆಗಲಲ್ಲಿ ಟೂಲ್ ಬ್ಯಾಗ್. ಚಿನ್ಮಯಿ ರಜೆ ಹಾಕಿ ಮನೆಯಲ್ಲೇ ಇದ್ದಳು. ಅವಳಿಗೆ ನಮಸ್ಕಾರ ಹೇಳಿದ, ಮುಖ ನೋಡಲಿಲ್ಲ. ಪೆಟ್ಟಿಗೆ ಒಳಗಿದೆ ಎಂದು ಮಹಂತೇಶ್ ಹೇಳುವುದರೊಳಗೆ ಅವನು ಉಗ್ರಾಣಕ್ಕೆ ಹೋಗಿಯಾಗಿತ್ತು. ಬಾಗಿಲ ಹಿಂದೆ ಬಗ್ಗಿ, ಮೊಣಕಾಲೆತ್ತರದ ಸ್ವಿಚ್ಚನ್ನು ನೋಡದೆಯೇ ಒತ್ತಿದ.

ಕಿಶನ್ ಇನ್‌ಸ್ಪೆಕ್ಟರ್ ಕಡೆ ತಿರುಗಿದ. ಸುಮ್ಮನಿರು ಎಂಬಂತೆ ಮಹಂತೇಶ್ ತಲೆಯಾಡಿಸಿದ. ಇಪ್ಪತ್ತೊಂದು ವರ್ಷ ಈ ಮನೆಗೆ ಸರ್ವಿಸಿಗೆ ಬಂದವನಿಗೆ ಸ್ವಿಚ್ಚು ಗೊತ್ತಿರುವುದರಲ್ಲಿ ತಪ್ಪೇನಿಲ್ಲ ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು ನೋಟ್‌ಬುಕ್ ತೆರೆಯಿತು.

ಚಂದ್ರಕಾಂತ ಕನ್ನಡಕ ಹಾಕಿಕೊಂಡು ಕೀಪ್ಯಾಡಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿದ. ಅದರ ಸಣ್ಣ ಪರದೆಯಲ್ಲಿ ಹಸಿರು ಅಕ್ಷರ ಮೂಡಿತು. ಒಂದು ಅಂದರೆ ಮಾಲೀಕರು, ಸೊನ್ನೆ ಅಂದರೆ ಎಂಜಿನಿಯರ್ ಎಂದು ವಿವರಿಸಿದ. ಹೊಸ ಡಬ್ಬಿ ಮಾಲೀಕರ ಓಡಾಟವನ್ನಷ್ಟೇ ಮೊಬೈಲಿಗೆ ಕಳಿಸುತ್ತದೆ, ಸೊನ್ನೆಯನ್ನು ಕಳಿಸುವುದಿಲ್ಲ. ಅದನ್ನು ಕೂರಿಸಿದವರಿಗೆ ಸೊನ್ನೆ ಇರುವುದೇ ತಿಳಿದಿರಲಿಲ್ಲ. ಆಮೇಲೆ ಸೊನ್ನೆಯ ಸಾಲುಗಳನ್ನಷ್ಟೇ ಓದತೊಡಗಿದ.

"ಅಕ್ಟೋಬರ್ 18. ಹನ್ನೊಂದು ಏಳು, ಸೊನ್ನೆ, ಅಲಾರಂ ಬಂದ್. ಹದಿನೈದು ನಲವತ್ತೆರಡು, ಸೊನ್ನೆ, ಅಲಾರಂ ಚಾಲೂ. ಅಕ್ಟೋಬರ್ 15. ಹನ್ನೊಂದು ಹನ್ನೆರಡು, ಸೊನ್ನೆ."

ಹಾಗೆ ಒಂದೇ ದನಿಯಲ್ಲಿ ಓದುತ್ತ ಆಗಸ್ಟ್ 16ರವರೆಗೆ ಹೋದ. ಮಂಗಳವಾರ ಮತ್ತು ಶುಕ್ರವಾರ, ಒಟ್ಟು ಹತ್ತೊಂಬತ್ತು ದಿನ. ಮಹಂತೇಶ್ ಎಲ್ಲವನ್ನೂ ಬರೆದುಕೊಂಡ.

"ಈ ಸೊನ್ನೆಯ ಕೋಡ್ ಯಾರ ಹತ್ತಿರ ಇದೆ?"

"ಈ ಪೆಟ್ಟಿಗೆಯದ್ದು ನನ್ನ ಹತ್ತಿರ ಮಾತ್ರ."

"ಹಾಗಾದರೆ ಬಂದವನು?"

"ನಾನೇ ಸರ್."

"ಅಳಿಸಿಬಿಡಬಹುದಿತ್ತು. ನಮಗೆ ಗೊತ್ತಾಗುತ್ತಿರಲಿಲ್ಲ."

ಚಂದ್ರಕಾಂತ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ಮೂವತ್ತಮೂರು ವರ್ಷದಲ್ಲಿ ಒಂದು ದಾಖಲೆಯನ್ನೂ ಅಳಿಸಿಲ್ಲ ಸರ್. ನೀವು ಓದೋಕೆ ಕರೆದಿರಿ. ಓದಿದೆ."

ಚೀಲದ ಒಳಜೇಬಿನಿಂದ ಒಂದು ಕೀಲಿ ತೆಗೆದು ಪೆಟ್ಟಿಗೆಯ ಮೇಲಿಟ್ಟ. ಸೀತಮ್ಮ ಒಮ್ಮೆ ಎರಡು ತಿಂಗಳು ಮೈಸೂರಿಗೆ ಹೋದಾಗ, ಅಲಾರಂ ಸುಮ್ಮಸುಮ್ಮನೆ ಕೂಗಿದರೆ ಬಂದು ನೋಡಲೆಂದು ಕೊಟ್ಟದ್ದು. ವಾಪಸ್ ಕೇಳಿರಲಿಲ್ಲ.

ಪಂಚರ ಎದುರು ಕೀಲಿಯನ್ನು ವಶಪಡಿಸಿಕೊಂಡರು. ಬೆರಳಚ್ಚು ತಜ್ಞ ಅಲ್ಲಿಯೇ ಅವನ ಹೆಬ್ಬೆರಳನ್ನು ಗಡಿಯಾರದ ಗುರುತಿನೊಂದಿಗೆ ಹೋಲಿಸಿ ಒಂದೇ ಎಂದ. ಆಮೇಲೆ ಮಹಂತೇಶ್ ಅವನನ್ನು ಅಡುಗೆಮನೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಕೇಳಿದ.

ಚಂದ್ರಕಾಂತ ಗದಗಿನವನು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ 1991ರಲ್ಲಿ ದೆಹಲಿಗೆ ಬಂದವನು ಮದುವೆಯಾಗಲಿಲ್ಲ. ಮುನಿರ್ಕಾದ ಮೂರನೆಯ ಮಹಡಿಯ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾನೆ. ಮುನ್ನೂರು ಮನೆಗಳ ಅಲಾರಂ ಅವನ ಕೈಯಲ್ಲಿತ್ತು. ಬೆಲ್ ಒತ್ತಿದರೆ ಬಾಗಿಲು ತೆಗೆಯುತ್ತಿದ್ದರು. ಚಹಾ ಕೊಡುತ್ತಿದ್ದರು, ಮಕ್ಕಳ ಪರೀಕ್ಷೆಯ ಸುದ್ದಿ ಹೇಳುತ್ತಿದ್ದರು. ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಈ ಮನೆಯೊಂದರಲ್ಲಿ. ಸೀತಮ್ಮ ಉಪ್ಪಿಟ್ಟು ಕೊಟ್ಟು, ಅವನು ತಿನ್ನುವುದನ್ನೇ ನೋಡುತ್ತ ಎದುರು ಕೂರುತ್ತಿದ್ದರಂತೆ. ನಂತರ ಮೊಬೈಲ್ ಬಂತು, ಮನೆಗಳು ತಮ್ಮ ದೋಷವನ್ನು ತಾವೇ ಗುರುಗ್ರಾಮಕ್ಕೆ ಹೇಳಿಕೊಳ್ಳತೊಡಗಿದವು. ಕೆಲಸ ಹೋದ ಮೇಲೆ ಕರೋಲ್ ಬಾಗಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಡಬ್ಬಿ ಕಟ್ಟುತ್ತಿದ್ದ. ಅಲ್ಲಿ ಮಂಗಳವಾರ, ಶುಕ್ರವಾರ ಅವನಿಗೆ ಬಿಡುವು.

ಆಗಸ್ಟ್ 16ರಂದು ಸೀತಮ್ಮನನ್ನು ನೋಡಲೆಂದೇ ಬಂದಿದ್ದ. ಬೆಲ್ ಒತ್ತಿದ, ಯಾರೂ ಬರಲಿಲ್ಲ. ಪಕ್ಕದ ಮನೆಯವರು, ಸೀತಮ್ಮ ತೀರಿಕೊಂಡು ಆರು ತಿಂಗಳಾಯಿತಲ್ಲ ಎಂದರು. ಪಕ್ಕದವರು ಒಳಗೆ ಹೋದ ಮೇಲೆ ತನ್ನ ಬಳಿಯ ಕೀಲಿಯಿಂದ ಬಾಗಿಲು ತೆರೆದ. ಒಂದು ಗಳಿಗೆ ಕೂತು ಹೋಗೋಣ ಎಂದುಕೊಂಡದ್ದು.

"ಇಲ್ಲಿ ಕೂತು ಏನು ಮಾಡುತ್ತಿದ್ದೆ?"

"ಏನೂ ಇಲ್ಲ ಸರ್. ಚಹಾ ಕುಡೀತಿದ್ದೆ. ಸ್ವಲ್ಪ ಮಾತಾಡ್ತಿದ್ದೆ."

"ಯಾರ ಜೊತೆ?"

ಅವನು ಎದುರಿನ ಖಾಲಿ ಕುರ್ಚಿಯ ಕಡೆ ನೋಡಿದ.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಚಿನ್ಮಯಿ ಮೊದಲ ಸಲ ಮಾತಾಡಿದಳು. ದನಿ ಏರಿಸಲಿಲ್ಲ. "ಎರಡು ತಿಂಗಳಿಂದ ನಾನು ಬಚ್ಚಲಿಗೆ ಹೋಗುವಾಗಲೂ ಚಾಕು ಇಟ್ಕೊಂಡು ಹೋಗ್ತಿದ್ದೀನಿ. ಫೂಲ್ವತಿಯ ಮೂರು ಮನೆ ಕೆಲಸ ಹೋಯ್ತು."

"ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ, ಅಮ್ಮಾ," ಎಂದ ಚಂದ್ರಕಾಂತ. "ನಾನು ಬಂದು ಹೋದದ್ದು ಯಾರಾದರೂ ಗಮನಿಸ್ತಾರೆ ಅಂತ ಅನಿಸಲಿಲ್ಲ."

ಅವಳು ಕ್ಷಮಿಸಿದೆ ಎನ್ನಲಿಲ್ಲ. ಪಂಚನಾಮೆಗೆ ಸಹಿ ಹಾಕಿ, ಕಿಶನ್ ಹತ್ತಿರ ಫೂಲ್ವತಿಯ ಕೋಣೆಯ ಗುರುತು ಕೇಳಿ ಬರೆದುಕೊಂಡಳು. ಅದೇ ಸಂಜೆ ಕೋಟ್ಲಾಗೆ ಹೋದಳೆಂದೂ, ಸುದ್ದಿ ಹಬ್ಬಿದ ಗುಂಪಿನಲ್ಲೇ ಕ್ಷಮೆ ಬರೆಯದೆ ಕೆಲಸಕ್ಕೆ ಕಾಲಿಡುವುದಿಲ್ಲ ಎಂದು ಫೂಲ್ವತಿ ಹಟ ಹಿಡಿದು ಬರೆಸಿಕೊಂಡಳೆಂದೂ ಆಮೇಲೆ ತಿಳಿಯಿತು.

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಬಂಧನವಾಯಿತು. ಠಾಣೆಯಲ್ಲಿ ಬಂಧನ ಪತ್ರ ತುಂಬುವಾಗ, ಯಾರಿಗೆ ವಿಷಯ ತಿಳಿಸಬೇಕು ಎಂದು ಕಿಶನ್ ಕೇಳಿದ. ಚಂದ್ರಕಾಂತ ಮೊಬೈಲಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಸರಿಸಿ ನೋಡಿದ. ಅಣ್ಣನ ನಂಬರ್ ಬದಲಾಗಿ ವರ್ಷಗಳಾಗಿದ್ದವು. ಕೊನೆಗೆ ಮುನಿರ್ಕಾದ ಮನೆ ಮಾಲೀಕನ ಸಂಖ್ಯೆ ಕೊಟ್ಟ. ಕಿಶನ್ ಫೋನ್ ಮಾಡಿದರೆ ಮಾಲೀಕ, ಯಾವ ಚಂದ್ರಕಾಂತ ಎಂದ. ಮೂರನೆಯ ಮಹಡಿ ಎಂದ ಮೇಲೆ ಅವನಿಗೆ ಹೊಳೆಯಿತು. ಅಚ್ಛಾ, ಅಲಾರಂವಾಲಾ.

ಜಾಮೀನು ಕೊಡಬಹುದಾದ ಅಪರಾಧ. ಅಂಗಡಿ ಮುಚ್ಚಿ ಏಳರ ಹೊತ್ತಿಗೆ ಬಂದು ಜಾಮೀನಿಗೆ ನಿಲ್ಲುತ್ತೇನೆ ಎಂದು ಮಾಲೀಕ ಒಪ್ಪಿದ. ಐದಕ್ಕೆ ಕಾಗದಪತ್ರದ ಕೆಲಸವೆಲ್ಲ ಮುಗಿಯಿತು. ಮಹಂತೇಶ್ ಮನೆಗೆ ಹೊರಡಬಹುದಿತ್ತು. ಎರಡು ಚಹಾ ತರಿಸಿದ.

"ಸಾಹೇಬರದ್ದು ಯಾವ ಊರು?" ಎಂದು ಚಂದ್ರಕಾಂತ ಕೇಳಿದ.

"ಸರೋಜಿನಿ ನಗರ," ಎಂದ ಮಹಂತೇಶ್.

ಚಂದ್ರಕಾಂತ ನಕ್ಕ. ಬಂದಾಗಿನಿಂದ ಅವನು ನಕ್ಕದ್ದು ಅದೊಂದೇ ಸಲ. ಆಮೇಲೆ ಇಬ್ಬರೂ ಮಾತಾಡುತ್ತ ಕೂತರು. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲೂ ಅವನು ಎಂಟು ಹತ್ತು ಮನೆಗೆ ತಂತಿ ಎಳೆದಿದ್ದ; ಎಲ್ಲಿ ಯಾವ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗುತ್ತಿತ್ತು ಎಂಬುದೂ ಅವನಿಗೆ ನೆನಪಿತ್ತು. ಉಪ್ಪಿಟ್ಟಿಗೆ ನಿಂಬೆ ಹಿಂಡುವುದು ಯಾವಾಗ ಎಂಬ ಬಗ್ಗೆ ಸಣ್ಣ ವಾದವೂ ಆಯಿತು. ಕಿಶನ್ ಎರಡು ಸಲ ಇಣುಕಿ ನೋಡಿದ, ಒಂದಕ್ಷರವೂ ಅರ್ಥವಾಗದೆ ಹೋದ.

ಏಳು ಹತ್ತಕ್ಕೆ ಮಾಲೀಕ ಬಂದು ಸಹಿ ಹಾಕಿ ಅವನನ್ನು ಕರೆದೊಯ್ದ. ಮಹಂತೇಶ್ ಠಾಣೆಯ ದಿನಚರಿ ಪುಸ್ತಕ ಎಳೆದುಕೊಂಡು ಬರೆದ: 17.10ರಿಂದ 18.50ರವರೆಗೆ ಆರೋಪಿಯ ಹೆಚ್ಚಿನ ವಿಚಾರಣೆ ನಡೆಸಲಾಯಿತು. ಪ್ರಕರಣಕ್ಕೆ ಸಂಬಂಧಿಸಿದ ಹೊಸ ಮಾಹಿತಿ ದೊರೆತಿಲ್ಲ.