ಅಪ್ಪ ಯಾಕೆ ತಿರುಗಲಿಲ್ಲ?

"ನೋಡೇ, ನಮ್ಮಪ್ಪ ಬೂಟ್ ಲೇಸ್ ಬಿಗಿ ಮಾಡ್ತಿದಾನೆ! ಬೇರೆಯವರ ಬದಲಿಗೆ ಈಗ ಒಳಗೆ ಬಿಡ್ತಾರೆ!"

ಬುಗುರಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಅವಳು ಒಂದು ಕಡೆ ಕೂತವಳೇ ಅಲ್ಲ, ಅದಕ್ಕೇ ಮನೆಯಲ್ಲಿ ಆ ಹೆಸರು.

"ಮೊದಲು ಇಳಿ. ಹಿಂದಿನವರಿಗೆ ಕಾಣಲ್ಲ," ಎಂದಳು ಕ್ಲಾಸ್ ಮಾನಿಟರ್. ಸ್ಟೇಡಿಯಂಗೆ ಬಂದರೂ ಅವಳ ಮಾನಿಟರ್‌ಗಿರಿ ತಪ್ಪಿರಲಿಲ್ಲ. "ಈ ತಂಡಕ್ಕೆ ನಿಮ್ಮಪ್ಪ ಇನ್ನೂ ಒಂದು ಗೋಲೂ ಹೊಡೆದಿಲ್ಲ. ಹೊಡೆದ ಮೇಲೆ ಕುಣಿ."

"ಇವತ್ತು ಹೊಡೀತಾನೆ! ಹೊಡೆದು, ಒಂಟಿ ಕಾಲಲ್ಲಿ ಗಿರ್ರಂತ ತಿರುಗ್ತಾನೆ. ನನಗೋಸ್ಕರ. ಪ್ರತಿ ಗೋಲ್‌ಗೂ ಹಾಗೇ."

"ತಿರುಗದಿದ್ರೆ?"

"ತಿರುಗದಿದ್ರೆ ಇಡೀ ಕ್ಲಾಸ್ ಮುಂದೆ ನಿಂತು, ನಾನು ಸುಳ್ಳುಬುರುಕಿ ಅಂತೀನಿ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಇದು ಅವಳ ಐದನೇ ಸ್ಕೂಲು. ಅಪ್ಪ ದೊಡ್ಡ ಫುಟ್‌ಬಾಲ್ ಸ್ಟಾರ್ ಏನಲ್ಲ. ಗೋಲ್ ಹೊಡೆಯುವವರು ಕಡಿಮೆ ಇರುವ ತಂಡ ಒಂದೋ ಎರಡೋ ವರ್ಷಕ್ಕೆ ಕರೆಯುತ್ತದೆ. ಅಪ್ಪ ಗಂಟುಮೂಟೆ ಕಟ್ಟುತ್ತಾನೆ. ಹಿಂದೆಯೇ ಅಮ್ಮ, ಬುಗುರಿ, ಅವಳ ಮಡಿಲಲ್ಲಿ ನೀರು ತುಳುಕಿಸುವ ಮೀನಿನ ಡಬ್ಬಿ. ಗೆಳತಿಯರಾಗುವಷ್ಟರಲ್ಲಿ ಟಾಟಾ ಹೇಳುವ ಹೊತ್ತು ಬಂದಿರುತ್ತದೆ. ಇಲ್ಲಿ ಶುರುವಿಗೇ ಸುಳ್ಳುಬುರುಕಿ ಅನ್ನಿಸಿಕೊಂಡರೆ ಪಕ್ಕದಲ್ಲಿ ಯಾರು ಕೂರುತ್ತಾರೆ?

ರೆಫರಿ ಸೀಟಿ ಊದಿದ. ನೀಲಿ ಅಂಗಿಯ ಅಪ್ಪ ಮೈದಾನಕ್ಕೆ ಓಡಿದ. ಎದುರಿಗೆ ಹಳದಿ ತಂಡ. ಹೋದ ವರ್ಷ ಅಪ್ಪ ಆಡಿದ್ದು ಅದೇ ತಂಡಕ್ಕೆ. ಎರಡೂ ಕಡೆ ಸೊನ್ನೆ. ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು.

ಅಂಚಿನಿಂದ ಚೆಂಡು ಎತ್ತರಕ್ಕೆ ಹಾರಿ ಬಂತು. ಹಳದಿಯವರಿಬ್ಬರು ಜಿಗಿದರು. ಅಪ್ಪ ಜಿಗಿಯಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಕಾದ. ಚೆಂಡು ಅವರ ತಲೆ ಸವರಿ ಅಪ್ಪನ ಕಾಲ ಬಳಿಗೇ ಬಿತ್ತು. ಗೋಲ್‌ಕೀಪರ್ ಎಡಕ್ಕೆ ಹಾರಿದ. ಚೆಂಡು ಬಲಕ್ಕೆ ಹೋಯಿತು.

ಗೋ...ಲ್!

ಇಡೀ ಸ್ಟ್ಯಾಂಡ್ ಎದ್ದು ನಿಂತಿತು. ಮಾನಿಟರ್ ಕೂಡ ಕುರ್ಚಿ ಹತ್ತಿಬಿಟ್ಟಳು! ಬುಗುರಿ ಗಂಟಲು ಹರಿಯುವ ಹಾಗೆ ಕಿರುಚಿದಳು. "ತಿರುಗಪ್ಪಾ! ತಿರುಗು!"

ಅಪ್ಪ ತಿರುಗಲಿಲ್ಲ. ಎರಡೂ ಅಂಗೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ಸುಮ್ಮನೆ ನಿಂತ. ಜೊತೆಯವರು ಬಂದು ಮೈಮೇಲೆ ಬಿದ್ದರೂ ನಗಲಿಲ್ಲ.

"ಎಲ್ಲಿ ಗಿರ್ರು?" ಎಂದಳು ಮಾನಿಟರ್.

ಬುಗುರಿಗೆ ಅಳುವೂ ಬಂತು, ಸಿಟ್ಟೂ ಬಂತು. ಇನ್ನೊಂದು ಪಕ್ಕದಲ್ಲಿದ್ದ ಅಮ್ಮನ ತೋಳು ಎಳೆದಳು. "ಅಮ್ಮಾ, ಏನಾಗಿದೆ ಅಪ್ಪನಿಗೆ?"

"ಹಳೇ ತಂಡದ ವಿರುದ್ಧ ಗೋಲ್ ಹೊಡೆದ್ರೆ ತುಂಬಾ ಜನ ಆಟಗಾರರು ಕುಣಿಯಲ್ಲ ಕಣೇ."

"ಯಾಕೆ? ಗೋಲ್ ಗೋಲೇ ಅಲ್ವಾ?"

ಅಮ್ಮ ಗೋಲ್‌ಪೋಸ್ಟ್ ಕಡೆ ಕೈ ತೋರಿಸಿದಳು.

ಹಳದಿ ತಂಡದ ಗೋಲ್‌ಕೀಪರ್ ಮಂಡಿಯೂರಿ ಕೂತಿದ್ದ. ದಪ್ಪ ಗ್ಲೌಸ್‌ನಲ್ಲಿ ಮುಖ ಮುಚ್ಚಿಕೊಂಡಿದ್ದ. ಅಯ್ಯೋ, ಗೋಲಿ ಮಾಮ! ಇಷ್ಟು ಹೊತ್ತೂ ಬುಗುರಿಯ ಕಣ್ಣು ಅಪ್ಪನನ್ನು ಬಿಟ್ಟು ಬೇರೆ ಕಡೆ ಹೋಗಿರಲೇ ಇಲ್ಲ.

ಹೋದ ವರ್ಷ ಅಪ್ಪನ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾಗ, ದಿನಾ ಬೆಳಿಗ್ಗೆ ಅವಳನ್ನು ಸ್ಕೂಲಿಗೆ ಬಿಡುತ್ತಿದ್ದವನು ಗೋಲಿ ಮಾಮ. ಸಿಗ್ನಲ್‌ನಲ್ಲಿ ಕಾರು ನಿಂತಾಗೆಲ್ಲ ಕಪ್ಪೆಯ ಹಾಗೆ ಕೆನ್ನೆ ಉಬ್ಬಿಸಿ ನಗಿಸುತ್ತಿದ್ದ.

ಆಟ ಮುಗಿಯಿತು. ನೀಲಿ ತಂಡ ಗೆದ್ದಿತು. ಜನ ಹುಚ್ಚೆದ್ದು ಕುಣಿಯುತ್ತಿದ್ದರು.

"ಸುಳ್ಳುಬುರುಕಿ ಅಂತ ಒಪ್ಕೋತೀಯಾ?"

"ನಾಳೆ ಒಪ್ಕೋತೀನಿ. ಈಗ ದಾರಿ ಬಿಡೇ!"

ಬುಗುರಿ ಮೆಟ್ಟಿಲಿಳಿದು ಕಂಬಿಯ ಹತ್ತಿರ ಓಡಿದಳು. ಗೋಲಿ ಮಾಮ ತಲೆ ಬಗ್ಗಿಸಿಕೊಂಡು ಬರುತ್ತಿದ್ದ. ಅವಳ ಕೈಯಲ್ಲಿ ನೀಲಿ ಬಾವುಟ ಪಟಪಟ ಎನ್ನುತ್ತಿತ್ತು. ಬೇಗಬೇಗ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಗೋಲಿ ಮಾಮಾ!"

ಅವನು ತಲೆ ಎತ್ತಿದ. ಕಣ್ಣು ಕೆಂಪಗಿತ್ತು. ಅವಳನ್ನು ನೋಡಿ, ನಿಧಾನವಾಗಿ, ಎರಡೂ ಕೆನ್ನೆ ಉಬ್ಬಿಸಿದ. ಬುಗುರಿಯೂ ಉಬ್ಬಿಸಿದಳು.

ಏದುಸಿರು ಬಿಡುತ್ತ ಬಂದ ಮಾನಿಟರ್ ಕೇಳಿದಳು, "ಯಾರೇ ಅದು? ಹಳದಿಯವರು!"

"ಹೂಂ. ನಮ್ಮವರು."

ಗೋಲಿ ಮಾಮ ಒಳಗೆ ಹೋಗುವವರೆಗೂ ಬುಗುರಿ ಕಂಬಿ ಹಿಡಿದು ಅಲ್ಲೇ ನಿಂತಿದ್ದಳು, ಒಂದು ಚೂರೂ ಅಲುಗಾಡದೆ.