ಎಣ್ಣೆ ಬಿಡುವ ಜಾಗ

ಒಂದೂರಲ್ಲಿ ಒಬ್ಬ ರಾಕ್ಷಸಿ ಇದ್ದಳು. ಅವಳ ಪ್ರಾಣ ಅವಳ ಮೈಯಲ್ಲಿರಲಿಲ್ಲ, ಒಂದು ಸೀಸೆಯಲ್ಲಿತ್ತು...

ಕೊತ್ತತ್ತಿಯ ನಮ್ಮಜ್ಜಿ ಶಿವನಂಜಮ್ಮ ಕತೆಯನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಳು. ನನ್ನ ಬಾಯಿ ನಾರುತ್ತಿತ್ತು.

"ಕುಡ್ಯೋದ್ ಬುಡ್ಸೋ ಮೀಟಿಂಗ್ ಅದಂತಲ್ಲ... ಅಲ್ಲೋಗಿ ನಾಕ್ ಜನದ್ ಮುಂದೆ ನೀನ್ಯಾರು ಅಂತ ಯೋಳ್ಬುಟ್ಟು ಬಾ. ಆಮ್ಯಾಕೆ ಮುಂದ್ಲು ಕತೆ."

"ಆಯ್ತಜ್ಜಿ. ಮಾತು ಕೊಟ್ಟೆ."

ನಾನು ಹೋಗಲಿಲ್ಲ. ಅಜ್ಜಿ ಹೋದಳು. ಅವಳ ಸಾವಿನ ಸುದ್ದಿ ಹೇಳಲು ಅವತ್ತು ನನ್ನ ಫೋನು ಹನ್ನೊಂದು ಸಲ ಹೊಡೆದುಕೊಂಡಿತ್ತು. ಕುಡಿದು ಬಿದ್ದಿದ್ದವಳಿಗೆ ಒಂದೂ ಕೇಳಿಸಲಿಲ್ಲ!

ಮೂರು ತಿಂಗಳ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಕೊಟ್ಟ ಮಾತು ತೀರಿಸಲು ಹೊರಟೆ.

ಮದ್ದೂರು ಬಸ್ ಸ್ಟ್ಯಾಂಡಿನಲ್ಲೇ ಗ್ರಹಚಾರ ಎದುರಿಗೆ ನಿಂತಿತ್ತು.

ಸಿದ್ದೇಶ್. ಕೆರಗೋಡಿನವನು. ಆರಡಿ ಆಳು!

ನನ್ನ ಕಸುಬು ಹೇಳಿಬಿಡುತ್ತೇನೆ, ಕೇಳಿ. ಹೆಸರು ಶೋಭಿತಾ. ಮಂಡ್ಯದಲ್ಲಿ ಆಫೀಸು. ಮದುವೆಗೆ ಮುಂಚೆ ಗಂಡಿನ ಹಿಂದೆ ಬಿದ್ದು, ಅವನ ಗುಟ್ಟನ್ನು ಹೆಣ್ಣಿನ ಅಪ್ಪನಿಗೆ ತಂದು ಒಪ್ಪಿಸುವುದು. ಸಿದ್ದೇಶನ ಬಗ್ಗೆ ನಾನು ಬರೆದದ್ದು ಒಂದೇ ಸಾಲು.

'ಗಂಡು ಪ್ರತಿ ಶನಿವಾರ ಕುಡುಕರ ಸಂಘಕ್ಕೆ ಹೋಗುತ್ತಾನೆ.'

ಕುಡಿತ ಬಿಡಲು ಹೋಗುತ್ತಾನೆ, ಬಿಟ್ಟು ಒಂಬತ್ತು ತಿಂಗಳಾಗಿದೆ... ಅದನ್ನು ಬರೆಯಲಿಲ್ಲ. ಅರ್ಧ ರಿಪೋರ್ಟಿಗೇ ಮದುವೆ ಮುರಿಯಿತು. ಟೈಪ್ ಮಾಡುವಾಗ ನನ್ನ ಪಕ್ಕದಲ್ಲಿ ಗ್ಲಾಸಿತ್ತು.

ಅವನು ಹೋಗುತ್ತಿದ್ದ ಆ ಮಂಡ್ಯದ ಸಂಘಕ್ಕೆ ಹೋಗಲು ನನಗೆ ಮುಖವೆಲ್ಲಿದೆ? ಅದಕ್ಕೇ ಮಳವಳ್ಳಿಯದನ್ನು ಹುಡುಕಿದ್ದೆ.

ಸಿದ್ದೇಶ್ ನನ್ನನ್ನು ನೋಡಿದ. ಗುರುತು ಹಿಡಿದ! ಬೀಗರಾಗಬೇಕಿದ್ದವರೇ ನನ್ನ ಫೋಟೋ ತೋರಿಸಿದ್ದರಂತೆ.

ಮಳವಳ್ಳಿ ಬಸ್ಸು ಹೊರಟಿತ್ತು. ಓಡಿ ಹತ್ತಿದೆ.

ಹಿಂದಿನ ಬಾಗಿಲಿಂದ ಅವನೂ ಹತ್ತಿದ.

ದಾರಿಯುದ್ದಕ್ಕೂ ಕತ್ತಿನ ಹಿಂದೆ ಅವನ ಕಣ್ಣು ಚುಚ್ಚುತ್ತಿತ್ತು. ಮಳವಳ್ಳಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಹಾರಿದೆ. ಅವನೂ ಹಾರಿದ. ಒಂದು ಬೀದಿ... ಇನ್ನೊಂದು ಬೀದಿ... ಬೂಟಿನ ಸದ್ದು ಹತ್ತಿರವಾಗುತ್ತಿತ್ತು!

ಮೂಲೆಯಲ್ಲಿ ಹೂ ಮಾರುವ ಮುದುಕಿ ಕೂತಿದ್ದಳು.

"ಅಜ್ಜಿ, ಇಲ್ಲಿ ಎಣ್ಣೆ ಬಿಡೋ ಜಾಗ ಎಲ್ಲಿ? ಬೇಗ ಹೇಳಿ!"

"ಇವತ್ ಸನ್ವಾರ ಅಲ್ವಾ, ಊರೋರೆಲ್ಲ ಅಲ್ಲೇ ಕಣವ್ವ ಬುಡೋದು. ಎಡುಕ್ ತಿರುಕ್ಕೊ. ಬರೀ ಕೈಲಿ ಓಯ್ತಿಯಾ? ಇದ ತಕ್ಕೊ!"

ಕೈಗೊಂದು ಗಾಜಿನ ಸೀಸೆ ತುರುಕಿದಳು. ಯೋಚಿಸಲು ಹೊತ್ತಿಲ್ಲ. ಕೈಗೆ ಸಿಕ್ಕ ನೋಟು ಎಸೆದು ಎಡಕ್ಕೆ ಓಡಿದೆ.

ಬೀದಿ ಮುಗಿಯಿತು. ಎದುರಿಗೆ ಶನಿದೇವರ ಗುಡಿ!

ಸೀಸೆಯಲ್ಲಿದ್ದದ್ದು ಎಳ್ಳೆಣ್ಣೆ. ನನ್ನಂಥವರ ಬಾಯಲ್ಲಿ ಎಣ್ಣೆ ಬಿಡುವುದೆಂದರೆ ಕುಡಿತ ಬಿಡುವುದು. ಆ ಮುದುಕಿಗೆ, ದೇವರ ದೀಪಕ್ಕೆ ಎರೆಯುವುದು.

ಮೂರು ಕಡೆ ಗೋಡೆ. ನಾಲ್ಕನೇ ಕಡೆ ಸಿದ್ದೇಶ್.

"ನಿಂತ್ಕೊಳಮ್ಮ!"

ಸೀಸೆ ಎತ್ತಿ ಹಿಡಿದೆ. "ಹತ್ರ ಬಂದ್ರೆ ತಲೆ ಒಡೀತೀನಿ!"

"ಒಡಿ! ಮದ್ವೆನೇ ಒಡ್ದಾಯ್ತು, ತಲೆ ಯಾವ್ ಮಹಾ? ಮಾನ ಓಯ್ತು ಅಂತ ಮಂಡ್ಯದ್ ಮೀಟಿಂಗ್ ಬುಟ್ಟು ಇಲ್ಲೀಗಂಟ ಬತ್ತಾವ್ನಿ. ಇಲ್ಲೂ ನನ್ ಹಿಂದೆ ಬಿದ್ದಿದೀಯಲ್ಲ... ಈ ಸಲ ಯಾವ್ ಹೆಣ್ಣಿನ್ ಅಪ್ಪ ಕಳ್ಸುದ್ನಮ್ಮ?"

ತಲೆ ಗಿರ್ರೆಂದಿತು. ನಾನು ಅವನ ಹಿಂದೆ ಬಿದ್ದಿದ್ದೇನೆಂದುಕೊಂಡು ಅವನು ನನ್ನ ಹಿಂದೆ ಬಿದ್ದಿದ್ದ!

"ಯಾರೂ ಕಳಿಸಿಲ್ಲ. ಮೀಟಿಂಗಿಗೇ ಬಂದೆ."

"ಯಾರ್ ಮ್ಯಾಲೆ ರಿಪೋರ್ಟು?"

"...ನನ್ನ ಮೇಲೆ."

ಅವನು ನನ್ನ ಕೈ ನೋಡಿದ. ಸೀಸೆ ಹಿಡಿದ ಕೈ ಅದುರುತ್ತಿತ್ತು. ಭಯಕ್ಕಲ್ಲ. ಕುಡಿಯದೆ ಎರಡು ದಿನವಾಗಿತ್ತು. ಆ ನಡುಕದ ಗುರುತು ಅವನಿಗಿತ್ತು.

"ಥೂ! ನೀನೂ ಅದೇ ಗಿರಾಕಿನಾ?" ಕಹಿಯಾಗಿ ನಕ್ಕ. "ಆ ಎಣ್ಣೆ ಅಲ್ ಬುಡು. ಈ ಎಣ್ಣೆ ಬುಡೋ ಜಾಗ ನಾ ತೋರುಸ್ತೀನಿ. ಆದ್ರೆ ನಿನ್ ತಪ್ಪು ಮಾಫಿ ಮಾಡಿಲ್ಲ ಕಣಮ್ಮ, ತಿಳ್ಕೊ."

"ಮಾಡ್ಬೇಡಿ."

ದೀಪಕ್ಕೆ ಎಣ್ಣೆ ಎರೆದು ಅವನ ಹಿಂದೆ ನಡೆದೆ. ಈ ಸಲ ಅವನಿಗೆ ಗೊತ್ತಿದ್ದೇ!

ಟೈಲರ್ ಅಂಗಡಿಯ ಹಿಂದೊಂದು ಶೀಟಿನ ಕೋಣೆ. ಆರು ಗಂಡಸರು. ಒಂದೂ ಹೆಣ್ಣಿಲ್ಲ. ಸಿದ್ದೇಶ್ ನಿಯಮ ಓದಿದ. "ಇಲ್ಲಿ ಕೇಳಿದ್ದನ್ನು ಇಲ್ಲೇ ಬಿಟ್ಟು ಹೋಗಬೇಕು." ಹಾಳೆ ನೋಡಿ ಓದಲಿಲ್ಲ. ನನ್ನ ಮುಖ ನೋಡಿ ಓದಿದ.

"ನಾನು ಚಿಕ್ಕಮಾದು. ನಾನೊಬ್ಬ ಕುಡುಕ."

"ನಾನು ಮಹದೇವು. ನಾನೊಬ್ಬ ಕುಡುಕ."

ಸರದಿ ನನ್ನ ಕುರ್ಚಿಗೆ ಬಂತು. ಚಿಕ್ಕಮಾದು ಮರುಕದಿಂದ ನೋಡಿದ.

"ಯಾರ್ಗೋಸ್ಕರ ಬಂದ್ಯವ್ವ? ನಿಮ್ಮೆಜ್ಮಾನ್ರು ಕುಡೀತಾರಾ?"

ಎಂಥ ಚಂದದ ಬಾಗಿಲು ತೆರೆದಿದ್ದ! ಹೂಂ ಎಂದರೆ ಸಾಕು. ಮಾನ ಉಳಿಯುತ್ತಿತ್ತು. ಇನ್ನೊಂದು ಅರ್ಧ ರಿಪೋರ್ಟು.

ಸಿದ್ದೇಶನತ್ತ ನೋಡಿದೆ. ಅವನು ನನ್ನ ಬಂಡವಾಳ ಬಯಲು ಮಾಡಬಹುದಿತ್ತು. ಮಾಡಲಿಲ್ಲ.

ಅವರು ಹೇಳಿದ 'ಕುಡುಕ' ಎಂಬ ಪದ ಗಂಡಸರಿಗೆ ಹೊಲಿಸಿದ ಅಂಗಿ. ನನ್ನ ಅಳತೆಗೆ ನಾನೇ ಹೊಲಿದುಕೊಂಡೆ.

"ನನಗೆ ಮದುವೆಯಾಗಿಲ್ಲ ಅಣ್ಣ. ನಾನು ಶೋಭಿತಾ. ನಾನೊಬ್ಬಳು... ಕುಡುಕಿ."

ಯಾರೋ ಕೆಮ್ಮಿದರು. ಸಿದ್ದೇಶ್ ಟೀ ಲೋಟವನ್ನು ನನ್ನ ಕಡೆ ತಳ್ಳಿದ. ನಗಲಿಲ್ಲ.

ಅಜ್ಜಿಗೆ ಕೊಟ್ಟ ಮಾತು ತೀರಿತು. ಮುಂದಿನ ಕತೆ ಹೇಳಲು ಅಜ್ಜಿಯೇ ಇಲ್ಲ.

ಒಂದಂತೂ ನಿಜ... ನನ್ನ ಸರ್ವಿಸಿನಲ್ಲೇ ನಾನು ಕೊಟ್ಟ ಮೊದಲ ಪೂರ್ತಿ ರಿಪೋರ್ಟು ಅದು!